ಹೊಸ ಮನೆಯ ಮಾತು ತಡವಾದಾಗ: ನಂಬಿಕೆ ಬಿಡದೆ, ಕಣ್ಣು ಮುಚ್ಚದೆ ಕಾಯುವುದು ಹೇಗೆ?

ಡೊಂಬಿವಲಿ, ಮುಲುಂಡ್, ಚೆಂಬೂರು, ಗೋರೆಗಾಂವ್, ಥಾಣೆ. ಮುಂಬಯಿ ಮತ್ತು ಸುತ್ತಲಿನ ಎಲ್ಲ ಕಡೆಯ ಕನ್ನಡ ಓದುಗರೂ ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ‘ಇನ್ನೂ ಎಷ್ಟು ಕಾಯಬೇಕು?’ ಕೆಲವರ ಹಳೆ ಕಟ್ಟಡವನ್ನು ರೀಡೆವಲಪ್‌ಮೆಂಟ್‌ಗೆಂದು ಕೆಡವಿದ್ದಾರೆ, ಹೊಸದು ಅರ್ಧಕ್ಕೆ ನಿಂತಿದೆ. ಕೆಲವರು ಕಟ್ಟುತ್ತಿರುವ ಫ್ಲ್ಯಾಟ್ ಬುಕ್ ಮಾಡಿ, ಒಂದು ಕಡೆ ಸಾಲದ ಕಂತು, ಇನ್ನೊಂದು ಕಡೆ ಬಾಡಿಗೆ ಕಟ್ಟುತ್ತಿದ್ದಾರೆ. ಬಿಲ್ಡರ್ ಹೇಳಿದ ದಿನ ಯಾವತ್ತೋ ದಾಟಿದೆ. ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ. ‘ಜಾಸ್ತಿ ಕೇಳಿದರೆ ಕೆಲಸವೇ ನಿಂತುಹೋಗುತ್ತಾ? ನಂಬಿಕೊಂಡು ಸುಮ್ನೆ ಇರೋದೇ ಒಳ್ಳೇದಾ?’

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಾಯಿರಿ, ಆದರೆ ಕೇಳುತ್ತಾ ಕಾಯಿರಿ. ‘ತಾಳಿದವನು ಬಾಳಿಯಾನು’ ಎಂಬ ಮಾತನ್ನು ನಮ್ಮ ಹಿರಿಯರು ನಮಗೆ ಧೈರ್ಯ ತುಂಬಲು ಹೇಳಿದರು. ಅದನ್ನೇ ನಿಮ್ಮ ಬಾಯಿ ಮುಚ್ಚಿಸಲು ಯಾರಾದರೂ ಬಳಸಿದರೆ ಒಪ್ಪಬೇಡಿ. ಮಾತು ನೆನಪಿಸಿದರೆ ನಂಬಿಕೆ ಕಡಿಮೆಯಾಗುವುದಿಲ್ಲ. ಬರೆದ ಮಾತನ್ನು ಸರಿಯಾದ ದಿನ, ಸರಿಯಾದ ಜಾಗದಲ್ಲಿ ಶಾಂತವಾಗಿ ಕೇಳಲು ಬಂದರೆ ಕಾಯುವ ದಿನಗಳು ನಿಮ್ಮನ್ನು ಅಷ್ಟಾಗಿ ತಿನ್ನುವುದಿಲ್ಲ.

ಶುರು ಮಾಡುವ ಮೊದಲು ಇಷ್ಟು ಕೈಯಲ್ಲಿರಲಿ: ನೋಂದಣಿಯಾದ ಅಗ್ರಿಮೆಂಟ್, ಅದರ ಇಂಡೆಕ್ಸ್ ಟು (ನೋಂದಣಿ ಕಚೇರಿ ಕೊಡುವ ಸಾರಾಂಶದ ಪುಟ), ದುಡ್ಡು ಕೊಟ್ಟ ರಸೀದಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್ಡರ್ ಬರೆದ ಪತ್ರ ಮತ್ತು ಮೇಲ್‌ಗಳು, ಪ್ರಾಜೆಕ್ಟಿನ ಮಹಾರೇರಾ ನಂಬರ್. ಮಹಾರೇರಾ ಎಂದರೆ 2016ರ ರೇರಾ ಕಾಯ್ದೆಯಡಿ ಮಹಾರಾಷ್ಟ್ರದಲ್ಲಿ ಕಟ್ಟಡ ಯೋಜನೆಗಳ ಮೇಲೆ ಕಣ್ಣಿಡುವ ಪ್ರಾಧಿಕಾರ. ಜೊತೆಗೆ ಒಂದು ನೋಟ್‌ಬುಕ್. ಎಲ್ಲದರ ಫೋಟೋ ತೆಗೆದು ಮಗನಿಗೋ ಮಗಳಿಗೋ ಕಳಿಸಿಡಿ. ಬಾಡಿಗೆ ಮನೆ ಬದಲಾಯಿಸುವಾಗ ಮೊದಲು ಕಳೆದುಹೋಗುವುದು ಕಾಗದಗಳೇ.

1. ನಿಮಗೆ ಕೊಟ್ಟ ಮಾತು ಯಾವುದು? ಬರೆದಿಡಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ದಿನಾಂಕ ಬರೆಯಿರಿ. ಒಂದು, ಬಿಲ್ಡರ್ ಅಥವಾ ಏಜೆಂಟ್ ಬಾಯಿಮಾತಿನಲ್ಲಿ ಹೇಳಿದ್ದು. ಎರಡು, ಅಗ್ರಿಮೆಂಟ್‌ನಲ್ಲಿರುವುದು. ಮೂರು, ಮಹಾರೇರಾ ವೆಬ್‌ಸೈಟ್‌ನಲ್ಲಿ ಕಾಣುವುದು. ಈ ಮೂರೂ ಒಂದೇ ಆಗಿರುವುದು ಅಪರೂಪ. ‘ದೀಪಾವಳಿಗೆ ಕೀಲಿ ಕೊಡ್ತೇವೆ’ ಎಂಬ ಮಾತಿಗೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನವನ್ನೇ ಗೊತ್ತು ಮಾಡಿದ್ದಾರೆ. ಅಗ್ರಿಮೆಂಟ್ ತೆಗೆದು ನೋಡಿದರೆ ಅಲ್ಲಿರುವ ದಿನ ಅದಕ್ಕಿಂತ ಒಂದೂವರೆ ವರ್ಷ ಮುಂದೆ! ಅಲ್ಲಿ ಬಿಲ್ಡರ್ ಮಾತು ತಪ್ಪಿಲ್ಲ. ಬಾಯಿಮಾತನ್ನೇ ಗಡುವು ಎಂದುಕೊಂಡದ್ದರಿಂದ ಮನೆಯವರೆಲ್ಲ ಸುಮ್ನೆ ನೊಂದರು.

ಅಗ್ರಿಮೆಂಟ್‌ನಲ್ಲಿ ‘ಗ್ರೇಸ್ ಪೀರಿಯಡ್’ ಎಂಬ ಸಾಲು ಹುಡುಕಿ. ಗಡುವಿನ ಮೇಲೆ ಕೊಡುವ ಹೆಚ್ಚುವರಿ ತಿಂಗಳುಗಳು ಅವು. ‘ಫೋರ್ಸ್ ಮೆಜೂರ್’ ಎಂಬುದನ್ನೂ ನೋಡಿ. ಯುದ್ಧ, ನೆರೆ, ಬರ, ಬೆಂಕಿ, ಭೂಕಂಪದಂಥ, ಯಾರ ಕೈಯಲ್ಲೂ ಇಲ್ಲದ ಕಾರಣಗಳಿಗೆ ಕೊಡುವ ವಿನಾಯಿತಿ ಇದು. ದುಡ್ಡಿನ ಕೊರತೆ, ಪಾಲುದಾರರ ಜಗಳ ಇವೆಲ್ಲ ಇದರಲ್ಲಿ ಬರುವುದಿಲ್ಲ.

ಇಲ್ಲಿ ಬಹಳ ಜನ ಎಡವುವುದು ವೆಬ್‌ಸೈಟ್‌ನ ದಿನಾಂಕದ ವಿಷಯದಲ್ಲಿ. ಬಿಲ್ಡರ್ ಮಹಾರೇರಾದಿಂದ ಅವಧಿ ವಿಸ್ತರಣೆ ಪಡೆದರೆ ಅಲ್ಲಿ ಹೊಸ ದಿನ ಕಾಣುತ್ತದೆ. ‘ಸರ್ಕಾರವೇ ಟೈಮ್ ಕೊಟ್ಟಿದೆ, ಇನ್ನೇನು ಕೇಳುವುದು’ ಎಂದು ಜನ ಕೈಚೆಲ್ಲುತ್ತಾರೆ. ಹಾಗೇನಿಲ್ಲ. ತಡದ ಲೆಕ್ಕ ಅಗ್ರಿಮೆಂಟ್‌ನಲ್ಲಿರುವ ದಿನದಿಂದಲೇ ಎಂದು ಬಾಂಬೆ ಹೈಕೋರ್ಟ್ 2017ರಲ್ಲೇ ಹೇಳಿದೆ. ನಿಮಗೆ ಕೊಟ್ಟ ಮಾತು ನಿಮ್ಮ ಅಗ್ರಿಮೆಂಟ್‌ನಲ್ಲಿದೆ.

ಇನ್ನೊಂದು ವ್ಯತ್ಯಾಸ ತಿಳಿದಿರಲಿ. ದುಡ್ಡು ಕೊಟ್ಟು ಹೊಸ ಫ್ಲ್ಯಾಟ್ ಕೊಂಡವರಿಗೆ ರೇರಾ ಕಾಯ್ದೆ ನೇರ ಆಸರೆ. ಹಳೆ ಸೊಸೈಟಿಯ ಸದಸ್ಯರಿಗೆ ಮುಖ್ಯ ಆಧಾರ ಸೊಸೈಟಿ ಮತ್ತು ಬಿಲ್ಡರ್ ನಡುವಿನ ಡೆವಲಪ್‌ಮೆಂಟ್ ಅಗ್ರಿಮೆಂಟ್, ಹಾಗೂ ಪ್ರತಿ ಸದಸ್ಯರ ಜೊತೆ ಮಾಡಿಕೊಳ್ಳುವ ಪರ್ಯಾಯ ಮನೆಯ ಒಪ್ಪಂದ. ಎರಡನೆಯದನ್ನು ಇಲ್ಲಿ ‘ಪಿ ಟ್ರಿಪಲ್ ಎ’ ಎನ್ನುತ್ತಾರೆ. ಅದು ನೋಂದಣಿಯಾಗಿದೆಯೇ ಎಂದು ಇವತ್ತೇ ನೋಡಿ. ಆಗಿಲ್ಲದಿದ್ದರೆ ಮಿಕ್ಕ ಕೆಲಸ ಬದಿಗಿಟ್ಟು ಮೊದಲು ಅದನ್ನು ಮಾಡಿಸಿ.

2. ಕೆಲಸ ಎಲ್ಲಿಗೆ ಬಂದಿದೆ? ನೀವೇ ನೋಡಿ

ಸುದ್ದಿ ಇಲ್ಲದಿದ್ದಾಗ ಮನಸ್ಸು ಕೆಟ್ಟದ್ದನ್ನೇ ಊಹಿಸುತ್ತದೆ. ಅದಕ್ಕೆ ಮದ್ದು ನೇರ ಮಾಹಿತಿ. ರೇರಾ ಪ್ರಕಾರ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಪ್ರಾಜೆಕ್ಟಿನ ಸ್ಥಿತಿಯನ್ನು ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ಅದನ್ನು ಓದಲು ಯಾರ ಅನುಮತಿಯೂ ಬೇಡ, ದುಡ್ಡೂ ಬೇಡ.

ಮೂರು ಕಾಗದಗಳ ಹೆಸರು ಗೊತ್ತಿದ್ದರೆ ಸಾಕು. ಐಒಡಿ ಎಂದರೆ ಷರತ್ತುಗಳ ಜೊತೆ ಮಹಾನಗರಪಾಲಿಕೆ ಕೊಡುವ ಮೊದಲ ಒಪ್ಪಿಗೆ. ಸಿಸಿ ಎಂದರೆ ಕಟ್ಟಲು ಶುರು ಮಾಡುವ ಪರವಾನಗಿ. ಇದು ಹಂತಹಂತವಾಗಿ ಸಿಗುತ್ತದೆ, ಆದ್ದರಿಂದ ‘ಸಿಸಿ ಸಿಕ್ಕಿದೆ’ ಎಂದರೆ ಎಷ್ಟನೇ ಮಹಡಿಯವರೆಗೆ ಎಂದು ಕೇಳಿ. ಓಸಿ ಎಂದರೆ ವಾಸಕ್ಕೆ ಯೋಗ್ಯ ಎಂಬ ಕೊನೆಯ ಪ್ರಮಾಣಪತ್ರ.

ಎರಡು ತಿಂಗಳಿಗೊಮ್ಮೆ ಸೈಟಿಗೆ ಹೋಗಿ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ, ದಿನಾಂಕ ಬರೆದಿಡಿ. ವಾರಕ್ಕೊಮ್ಮೆ ಹೋಗಬೇಡಿ. ನಿಧಾನದ ಕೆಲಸವನ್ನು ದಿನಾ ನೋಡಿದರೆ ತಳಮಳವೇ ಜಾಸ್ತಿ.

ಒಂದು ಎಚ್ಚರಿಕೆ. ಬಿಲ್ಡರ್ ತೋರಿಸಿದ ಮಹಾರೇರಾ ಸರ್ಟಿಫಿಕೇಟನ್ನಷ್ಟೇ ನಂಬಬೇಡಿ, ಅದರಲ್ಲಿರುವ ನಂಬರನ್ನು ನೀವೇ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ನಂಬರ್ ಸಿಕ್ಕಿದರೂ ಪಾಲಿಕೆಯ ಪರವಾನಗಿ ನಿಜವೇ ಎಂದು ಪಾಲಿಕೆಯಲ್ಲೇ ವಿಚಾರಿಸಿ. ಕಲ್ಯಾಣ್–ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯಲ್ಲಿ ನಕಲಿ ಕಾಗದಗಳ ಮೇಲೆ ರೇರಾ ನೋಂದಣಿ ಪಡೆದಿದ್ದ 65 ಅಕ್ರಮ ಕಟ್ಟಡಗಳನ್ನು ಕೆಡವಲು 2024ರಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತು. ಅಲ್ಲಿ ಮನೆ ಕೊಂಡವರು ಜೀವಮಾನದ ಉಳಿತಾಯ ಹಾಕಿದ್ದ ಸಾಮಾನ್ಯ ಜನ. ಡೊಂಬಿವಲಿಯಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಎಂಬುದು ನಿಮಗೇ ಗೊತ್ತು. ದಯವಿಟ್ಟು ಈ ಒಂದು ಕೆಲಸವನ್ನು ಇವತ್ತೇ ಮಾಡಿ.

3. ಕೇಳುವ ರೀತಿ

ಫೋನಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಮಾತಾಡಿದ್ದಕ್ಕೆ ಗುರುತು ಉಳಿಯುವುದಿಲ್ಲ, ನಿಮ್ಮ ರಕ್ತದೊತ್ತಡ ಮಾತ್ರ ಏರುತ್ತದೆ. ಮೇಲ್ ಬರೆಯಿರಿ, ಅಥವಾ ಪತ್ರ ಕೊಟ್ಟು ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ. ಮೂರೇ ಪ್ರಶ್ನೆ ಸಾಕು: ಈಗ ಕೆಲಸ ಯಾವ ಹಂತದಲ್ಲಿದೆ? ಯಾವ ಪರವಾನಗಿ ಬಾಕಿ ಇದೆ? ಅಗ್ರಿಮೆಂಟ್‌ನ ದಿನ ದಾಟಿದರೆ ಏನು ಪರಿಹಾರ ಕೊಡುತ್ತೀರಿ? ಉತ್ತರಕ್ಕೆ ಹದಿನೈದು ದಿನ ಕೊಡಿ. ಬರದಿದ್ದರೆ ಅದೇ ಪತ್ರವನ್ನು ‘ಮೊದಲನೇ ನೆನಪೋಲೆ’ ಎಂದು ಮತ್ತೆ ಕಳಿಸಿ. ಬೈಗುಳ ಬೇಡ, ಬೇಡಿಕೊಳ್ಳುವುದೂ ಬೇಡ.

ನಮ್ಮವರ ನಡುವೆ ದಾಕ್ಷಿಣ್ಯ ಬಹಳ ದೊಡ್ಡ ತೊಡಕು. ಬಿಲ್ಡರೋ ಏಜೆಂಟೋ ಊರಿನವರಾಗಿರುತ್ತಾರೆ. ಒಂದೇ ಸಂಘದಲ್ಲಿ ಕೂತು ಊಟ ಮಾಡಿರುತ್ತೇವೆ, ಯಕ್ಷಗಾನಕ್ಕೆ ಒಟ್ಟಿಗೆ ದೇಣಿಗೆ ಎತ್ತಿರುತ್ತೇವೆ. ‘ನಮ್ಮವರೇ ಅಲ್ವಾ, ಕಾಗದ ಯಾಕೆ?’ ಎಂಬ ಮಾತಿನಲ್ಲಿ ಪ್ರೀತಿ ಇದೆ, ಅದು ಸುಳ್ಳಲ್ಲ. ಆದರೂ ನಾನು ಹೇಳುವುದು ಇಷ್ಟೇ: ನಮ್ಮವರು ಎಂಬ ಕಾರಣಕ್ಕೇ ಕಾಗದ ಬೇಕು. ವ್ಯವಹಾರ ಬರಹದಲ್ಲಿದ್ದರೆ ನೆಂಟಸ್ತನ ಉಳಿಯುತ್ತದೆ. ಮುಂದಿನ ಸಲ ಸಂಘದ ಕಾರ್ಯಕ್ರಮದಲ್ಲಿ ಅವರು ಸಿಕ್ಕಾಗ ನಮಸ್ಕಾರ ಮಾಡಿ, ಮನೆಯವರ ಕ್ಷೇಮ ಕೇಳಿ. ಫ್ಲ್ಯಾಟಿನ ಮಾತು ಎತ್ತಬೇಡಿ. ಅದು ಮರುದಿನ ಮೇಲ್‌ನಲ್ಲಿ ಹೋಗಲಿ.

ಅಗ್ರಿಮೆಂಟ್ ಇನ್ನೂ ಆಗಿಲ್ಲ, ಬುಕಿಂಗ್ ಮಾತ್ರ ಆಗಿದೆ ಎನ್ನುವವರಿಗೆ: ನೋಂದಣಿಯಾದ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ ಮನೆಯ ಬೆಲೆಯ ಶೇಕಡಾ 10ಕ್ಕಿಂತ ಜಾಸ್ತಿ ದುಡ್ಡು ತೆಗೆದುಕೊಳ್ಳುವಂತಿಲ್ಲ. ರೇರಾ ಕಾಯ್ದೆಯ 13ನೇ ಕಲಂ ಇದು. ಸಂಕೋಚವಿಲ್ಲದೆ ತೋರಿಸಿ.

4. ಒಬ್ಬರೇ ಕಾಯಬೇಡಿ

ಗೋರೆಗಾಂವ್‌ನ ಸಿದ್ಧಾರ್ಥ ನಗರ, ಅಂದರೆ ಪತ್ರಾ ಚಾಳ್, ಮುಂಬಯಿಯಲ್ಲಿ ಎಲ್ಲರಿಗೂ ಗೊತ್ತು. 672 ಕುಟುಂಬಗಳು. ಪುನರಾಭಿವೃದ್ಧಿಯ ಒಪ್ಪಂದ ಆದದ್ದು 2008ರಲ್ಲಿ. ಬಿಲ್ಡರ್ ಕೆಲಸ ಮುಗಿಸಲಿಲ್ಲ. ಅವನು ಕೊಡಬೇಕಿದ್ದ ಬಾಡಿಗೆ ಹಣವೂ ನಿಂತಿತು. ಮಕ್ಕಳು ದೊಡ್ಡವರಾದರು. ಕಾಯುತ್ತಲೇ ಹಿರಿಯರು ತೀರಿಕೊಂಡರು. ಕೊನೆಗೆ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾ ಕೆಲಸವನ್ನು ತಾನೇ ಕೈಗೆತ್ತಿಕೊಳ್ಳಬೇಕಾಯಿತು. ಅಷ್ಟು ವರ್ಷ ಅಲ್ಲಿನ ಜನ ಬೇರೆ ಬೇರೆ ಕಡೆ ಬಾಡಿಗೆಗಿದ್ದರೂ ಸೇರಿ ಹೋರಾಡುವುದನ್ನು ಬಿಡಲಿಲ್ಲ. ಅವರ ಕಥೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಜೊತೆಗೆ ಅವರ ಬಗ್ಗೆ ಗೌರವವೂ ಮೂಡುತ್ತದೆ.

ನಿಮ್ಮ ಸೊಸೈಟಿಯಲ್ಲಿ ತಿಂಗಳಿಗೊಂದು ಸಭೆ ಇರಲಿ. ಬರಲಾಗದವರಿಗೆ ಫೋನಿನಲ್ಲೇ ಸೇರಿಕೊಳ್ಳುವ ವ್ಯವಸ್ಥೆ ಮಾಡಿ. ಬಿಲ್ಡರ್ ಜೊತೆ ಮಾತಾಡಲು ಇಬ್ಬರನ್ನು ಗೊತ್ತು ಮಾಡಿ, ಮಾತುಕತೆಯ ಸಾರವನ್ನು ಅವತ್ತೇ ಎಲ್ಲರಿಗೂ ಬರೆದು ಕಳಿಸಿ. ಹಳೆ ಸೊಸೈಟಿಗಳ ಪುನರಾಭಿವೃದ್ಧಿಗೆ ಸಹಕಾರಿ ಕಾಯ್ದೆಯ 79ಎ ಕಲಂ ಅಡಿ ಸರ್ಕಾರ 2019ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ಇದೆ. ಯೋಜನೆಯ ವೆಚ್ಚದ ಶೇಕಡಾ 20ರಷ್ಟು ಬ್ಯಾಂಕ್ ಗ್ಯಾರಂಟಿ, ಅಂದರೆ ಬಿಲ್ಡರ್ ಕೈಬಿಟ್ಟರೆ ಸೊಸೈಟಿಗೆ ಬ್ಯಾಂಕ್ ಕೊಡುವ ಭರವಸೆಯ ಹಣ, ಅದರಲ್ಲಿ ಹೇಳಿದೆ. ನಿಮ್ಮ ಕಮಿಟಿ ಅದನ್ನು ತೆಗೆದುಕೊಂಡಿದೆಯೇ, ಅದರ ಅವಧಿ ಇನ್ನೂ ಇದೆಯೇ ಎಂದು ಸಭೆಯಲ್ಲಿ ಕೇಳಿ.

ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಹತ್ತರ ಮೇಲೆ ಬರುವ ‘ಬಿಲ್ಡರ್ ಓಡಿಹೋದನಂತೆ’ ಎಂಬ ಸಂದೇಶಗಳನ್ನು ಮುಂದಕ್ಕೆ ಕಳಿಸಬೇಡಿ. ವಯಸ್ಸಾದವರು ಅದನ್ನು ಓದಿ ನಿದ್ದೆ ಕೆಡಿಸಿಕೊಳ್ಳುತ್ತಾರೆ.

5. ದುಡ್ಡಿನ ಲೆಕ್ಕ

ನಿಮ್ಮ ಖರ್ಚಿನ ಪಟ್ಟಿಯಲ್ಲಿ ಗಡುವಿನ ಮೇಲೆ ಎರಡು ವರ್ಷ ಸೇರಿಸಿ ಲೆಕ್ಕ ಹಾಕಿ. ಆ ಎರಡು ವರ್ಷ ಬಾಡಿಗೆಯನ್ನು ನೀವೇ ಕೊಡಬೇಕಾಗಿ ಬಂದರೆ ಎಷ್ಟಾಗುತ್ತದೆ ಎಂಬ ಅಂಕಿ ಕಣ್ಣ ಮುಂದಿರಲಿ. ಬಿಲ್ಡರ್ ಕೊಡುವ ಟ್ರಾನ್ಸಿಟ್ ರೆಂಟ್ (ಹೊಸ ಮನೆ ಸಿಗುವವರೆಗಿನ ಬಾಡಿಗೆ ಹಣ) ಸಾಧ್ಯವಾದಷ್ಟೂ ಮುಂದಿನ ದಿನಾಂಕದ ಚೆಕ್ಕುಗಳಲ್ಲಿ ಕೈಗೆ ಬರಲಿ. ಒಂದು ಚೆಕ್ ವಾಪಸಾದರೆ ಅದೇ ವಾರ ಸೊಸೈಟಿಗೆ ಬರೆದು ತಿಳಿಸಿ. ಆರು ತಿಂಗಳ ಬಾಕಿ ಸೇರಿದ ಮೇಲೆ ಕೇಳುವುದು ಕಷ್ಟ.

ಸಾಲ ಮಾಡಿದವರು ಇದನ್ನು ಗಮನಿಸಿ. ಹಳೆ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2,00,000 ರೂಪಾಯಿವರೆಗೆ ವಿನಾಯಿತಿ ಇದೆ. ಆದರೆ ಸಾಲ ತೆಗೆದ ಹಣಕಾಸು ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಮನೆ ಪೂರ್ತಿಯಾಗಬೇಕು. ಇಲ್ಲದಿದ್ದರೆ ವಿನಾಯಿತಿ 30,000ಕ್ಕೆ ಇಳಿಯುತ್ತದೆ. ನಿಮ್ಮ ಮನೆಯ ಐದು ವರ್ಷ ಯಾವಾಗ ಮುಗಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

6. ಮನೆಯೊಳಗಿನ ಕಾಯುವಿಕೆ

ನನಗೆ ಬರುವ ಪ್ರಶ್ನೆಗಳಲ್ಲಿ ಕಾಯ್ದೆಯದ್ದಕ್ಕಿಂತ ಕಷ್ಟದ್ದು ಇದು. ‘ಹೊಸ ಮನೆ ನೋಡಿಯೇ ಕಣ್ಣು ಮುಚ್ಚಬೇಕು ಅಂತಾರೆ ಅಮ್ಮ. ಏನು ಹೇಳಲಿ?’

ಸುಳ್ಳು ದಿನಾಂಕ ಹೇಳಬೇಡಿ. ‘ಬರುವ ಗಣೇಶ ಚತುರ್ಥಿಗೆ ಅಲ್ಲೇ ಇರ್ತೇವೆ’ ಎಂದು ಸಮಾಧಾನ ಮಾಡಿದರೆ, ಆ ಹಬ್ಬ ದಾಟಿದಾಗ ಅವರ ನಂಬಿಕೆ ಒಡೆಯುವುದು ಬಿಲ್ಡರ್ ಮೇಲಲ್ಲ, ನಿಮ್ಮ ಮೇಲೆ. ಇದ್ದದ್ದು ಇದ್ದ ಹಾಗೆ ಹೇಳಿ: ಇಷ್ಟನೇ ಮಹಡಿ ಆಗಿದೆ, ಇಂಥ ಕಾಗದ ಬಾಕಿ ಇದೆ. ಸೈಟಿನ ಫೋಟೋ ತೋರಿಸಿ. ಆಗುತ್ತದೆ ಎಂದಾದರೆ ಒಂದು ಸಂಜೆ ರಿಕ್ಷಾದಲ್ಲಿ ಕರೆದುಕೊಂಡು ಹೋಗಿ ಹೊರಗಿನಿಂದಲೇ ತೋರಿಸಿ.

ಎಲ್ಲವನ್ನೂ ‘ಹೊಸ ಮನೆಗೆ ಹೋದ ಮೇಲೆ’ ಎಂದು ಮುಂದೂಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಕಣ್ಣಿನ ಪೊರೆಯ ಆಪರೇಷನ್, ಮಗಳ ಮದುವೆ, ಊರಿನ ಜಾತ್ರೆಗೆ ಹೋಗುವುದು, ಒಂದು ಸತ್ಯನಾರಾಯಣ ಪೂಜೆ ಕೂಡ. ಹಾಗೆ ಮಾಡಬೇಡಿ. ಬಾಡಿಗೆ ಮನೆಯೂ ಮನೆಯೇ. ಅಲ್ಲಿಯೂ ದೀಪ ಹಚ್ಚಿ, ನೆಂಟರನ್ನು ಊಟಕ್ಕೆ ಕರೆಯಿರಿ.

ದೇವರ ಮೇಲಿನ ನಂಬಿಕೆಯ ಬಗ್ಗೆಯೂ ಕೇಳುತ್ತೀರಿ. ಕೆಲವರು ಕಟೀಲಿಗೋ ಧರ್ಮಸ್ಥಳಕ್ಕೋ ಹರಕೆ ಹೊತ್ತಿದ್ದಾರೆ. ಕೆಲವರು ಮಂಗಳವಾರ ಸಿದ್ಧಿವಿನಾಯಕನ ಸಾಲಿನಲ್ಲಿ ನಿಲ್ಲುತ್ತಾರೆ, ಕೆಲವರು ಬುಧವಾರ ಮಾಹಿಮ್ ಚರ್ಚಿನ ನೊವೇನಾಕ್ಕೆ ಹೋಗುತ್ತಾರೆ. ‘ಇಷ್ಟು ಬೇಡಿಕೊಂಡರೂ ಆಗಲಿಲ್ಲ, ದೇವರು ಕೇಳಲಿಲ್ಲವೇ?’ ಎಂದು ನೊಂದುಕೊಳ್ಳುವವರಿದ್ದಾರೆ. ನಾನು ಹೇಳುವುದು: ಫ್ಲ್ಯಾಟಿನ ಗಡುವು ಬಿಲ್ಡರ್ ಕೊಟ್ಟ ಮಾತು, ದೇವರು ಕೊಟ್ಟದ್ದಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯಬೇಡಿ. ಪ್ರಾರ್ಥನೆಯಿಂದ ಸಿಗುವ ಬಲ ಬೇರೆಯೇ ಬಗೆಯದು. ಕಾಯುವಾಗ ಕಹಿಯಾಗದೆ ಇರಲು, ಮಕ್ಕಳ ಮೇಲೆ ಸಿಡುಕದೆ ಇರಲು ಅದು ಬೇಕು. ದೇವರ ಮಾತಿಗಾಗಿ ಕಾದವರ ಕಥೆಗಳಲ್ಲೂ ಕಾಲ ಕಡಿಮೆಯೇನಿಲ್ಲ. ಅಬ್ರಹಾಮ ದೇವರ ವಾಗ್ದಾನ ನಂಬಿ ಹೊರಟಾಗ ಅವನಿಗೆ 75 ವರ್ಷ, ಇಸಾಕ ಹುಟ್ಟಿದಾಗ 100.

ಭರತನನ್ನೂ ನೆನೆಯಿರಿ. ಅವನ ಮುಂದೆ ಹದಿನಾಲ್ಕು ವರ್ಷ ಎಂಬ ಸ್ಪಷ್ಟ ಗಡುವು ಇತ್ತು. ಅಷ್ಟು ಕಾಲ ನಂದಿಗ್ರಾಮದಲ್ಲಿ ಪಾದುಕೆಗಳನ್ನಿಟ್ಟು ರಾಜ್ಯದ ಕೆಲಸ ನಡೆಸುತ್ತಲೇ ಕಾದ. ದಿನ ದಾಟಿದರೆ ಬೆಂಕಿಗೆ ಬೀಳುತ್ತೇನೆ ಎಂದು ರಾಮನಿಗೇ ಹೇಳಿದ್ದ. ಅವನಿಗಿಂತ ದೊಡ್ಡ ನಂಬಿಕೆ ಯಾರದ್ದಿತ್ತು? ಆದರೂ ದಿನ ಎಣಿಸಿದ. ರಾಮನೂ ಅದನ್ನು ತಪ್ಪೆಂದು ತಿಳಿಯಲಿಲ್ಲ. ವನವಾಸ ಮುಗಿಸಿ ಭರದ್ವಾಜರ ಆಶ್ರಮ ತಲುಪಿದ ಕೂಡಲೇ, ತಾನು ಬರುವ ಮೊದಲೇ ಹನುಮಂತನ ಕೈಯಲ್ಲಿ ಸುದ್ದಿ ಕಳಿಸಿದ. ಕಾಯುವವರಿಗೆ ಒಂದು ದಿನವೂ ಎಷ್ಟು ಭಾರ ಎಂದು ಮಾತು ಕೊಟ್ಟವನಿಗೆ ಗೊತ್ತಿತ್ತು. ನಿಮ್ಮ ಬಿಲ್ಡರ್‌ನಿಂದ ಸುದ್ದಿ ಕೇಳುವಾಗ ನಾಚಿಕೆಯಾದರೆ ಇದನ್ನು ನೆನಪಿಸಿಕೊಳ್ಳಿ.

ಇದೇ ಹಂತದಲ್ಲಿ ಮಾಡಬೇಕಾದ ಒಂದು ಕಾಗದದ ಕೆಲಸ ಇದೆ. ಮನೆ ಹಿರಿಯರ ಹೆಸರಿನಲ್ಲಿದ್ದರೆ ಸೊಸೈಟಿಯಲ್ಲಿ ನಾಮಿನೇಷನ್ ಆಗಿದೆಯೇ ನೋಡಿ, ಉಯಿಲು ಬರೆಯುವ ಮಾತನ್ನೂ ನಿಧಾನವಾಗಿ ಎತ್ತಿ. ‘ಈಗ್ಯಾಕೆ ಅಪಶಕುನದ ಮಾತು’ ಎನ್ನಬಹುದು. ಆದರೆ ಕಾಯುವ ಕಾಲದಲ್ಲಿ ಹಿರಿಯರು ಹೋಗಿಬಿಟ್ಟರೆ ಮಕ್ಕಳ ನಡುವೆ ಜಗಳ ಹುಟ್ಟುವುದು ಇಲ್ಲಿಂದಲೇ.

7. ಅಗ್ರಿಮೆಂಟ್‌ನ ದಿನ ದಾಟಿದ ಮೇಲೆ

ಫ್ಲ್ಯಾಟ್ ಕೊಂಡವರಿಗೆ ರೇರಾ ಕಾಯ್ದೆಯ 18ನೇ ಕಲಂ ಎರಡು ದಾರಿ ಕೊಡುತ್ತದೆ. ಪ್ರಾಜೆಕ್ಟಿನಿಂದ ಹೊರಬಂದು ಕೊಟ್ಟ ಹಣವನ್ನು ಬಡ್ಡಿ ಸಮೇತ ವಾಪಸ್ ಕೇಳಬಹುದು. ಅಥವಾ ಅಲ್ಲೇ ಉಳಿದು, ಕೀಲಿ ಸಿಗುವವರೆಗೆ ಪ್ರತಿ ತಿಂಗಳ ತಡಕ್ಕೆ ಬಡ್ಡಿ ಕೇಳಬಹುದು. ಮಹಾರಾಷ್ಟ್ರದಲ್ಲಿ ಈ ಬಡ್ಡಿಯ ದರ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಬ್ಯಾಂಕ್ ತನ್ನ ಸಾಲಗಳಿಗೆ ಇಟ್ಟುಕೊಳ್ಳುವ ಮೂಲ ದರ) ಮತ್ತು ಅದರ ಮೇಲೆ ಶೇಕಡಾ 2.

ಯಾವುದನ್ನು ಆರಿಸಬೇಕು? ಕೆಲಸ ನಡೆಯುತ್ತಿದೆ, ಪರವಾನಗಿಗಳು ಸರಿ ಇವೆ, ಮೇಲಿನ ಮಹಡಿಗಳವರೆಗೂ ಸಿಸಿ ಇದೆ ಎಂದರೆ ಉಳಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ವಾಪಸ್ ಬಂದ ಹಣದಲ್ಲಿ ಮುಂಬಯಿಯಲ್ಲಿ ಅಂಥದ್ದೇ ಮನೆ ಮತ್ತೆ ಸಿಗುವುದು ಕಷ್ಟ. ಕೆಲಸ ಒಂದು ವರ್ಷದಿಂದ ನಿಂತಿದೆ, ಪತ್ರಗಳಿಗೆ ಉತ್ತರವಿಲ್ಲ ಎಂದರೆ ಹೊರಬರುವ ಬಗ್ಗೆ ವಕೀಲರ ಜೊತೆ ಕೂತು ಮಾತಾಡಿ. ಇಂಥ ಕಡೆ ಕಾಯುತ್ತಾ ಕೂರುವುದಕ್ಕೆ ತಾಳ್ಮೆ ಎಂದು ಹೆಸರಿಡಬೇಡಿ.

ದೂರು ಆನ್‌ಲೈನ್‌ನಲ್ಲೇ ಕೊಡಬಹುದು. ಶುಲ್ಕ 5,000 ರೂಪಾಯಿ. ಅದಕ್ಕೂ ಮೊದಲು ಮಹಾರೇರಾದ ಸಂಧಾನ ವೇದಿಕೆಯಲ್ಲಿ ಇಬ್ಬರೂ ಕೂತು ಬಗೆಹರಿಸಿಕೊಳ್ಳುವ ಅವಕಾಶವಿದೆ. ಬಿಲ್ಡರ್ ಬರಲು ಒಪ್ಪಿದರೆ ಪ್ರಯತ್ನಿಸಿ. ಆದೇಶ ಬಂದ ಮೇಲೂ ಹಣ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಕೊಡದಿದ್ದರೆ ವಸೂಲಿ ವಾರಂಟ್ ಹೊರಡುತ್ತದೆ, ಜಿಲ್ಲಾಧಿಕಾರಿ ಕಚೇರಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಇಲ್ಲಿ ಮತ್ತೆ ಕಾಯಬೇಕಾಗುತ್ತದೆ. ಮೊದಲೇ ಗೊತ್ತಿದ್ದರೆ ನಿರಾಸೆ ಕಡಿಮೆ.

ಹಳೆ ಸೊಸೈಟಿಯ ಸದಸ್ಯರು ಒಬ್ಬೊಬ್ಬರೇ ನೋಟಿಸ್ ಕಳಿಸಲು ಹೋಗಬೇಡಿ. ಒಪ್ಪಂದ ಸೊಸೈಟಿಯದ್ದು. ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಸೊಸೈಟಿಯ ಹೆಸರಿನಲ್ಲೇ ವಕೀಲರ ಮೂಲಕ ಮುಂದುವರಿಯಿರಿ.

8. ಕೀಲಿ ಕೈಗೆ ಬರುವಾಗ

ವರ್ಷಗಟ್ಟಲೆ ಕಾದವರು ಕೊನೆಯ ತಿಂಗಳಲ್ಲಿ ಆತುರಪಡುತ್ತಾರೆ. ‘ಫಿಟ್‌ಔಟ್ ಪೊಸೆಶನ್ ತಗೊಳ್ಳಿ, ಓಸಿ ಆಮೇಲೆ ಬರುತ್ತೆ’ ಎಂದು ಬಿಲ್ಡರ್ ಹೇಳಬಹುದು. ಅಂದರೆ ಬಡಗಿ ಕೆಲಸ, ಬಣ್ಣ ಮಾಡಿಸಿಕೊಳ್ಳಲು ಮೊದಲೇ ಕೀಲಿ ಕೊಡುವುದು. ಓಸಿ ಇಲ್ಲದೆ ವಾಸಕ್ಕೆ ಹೋಗಬೇಡಿ. ಪಾಲಿಕೆಯ ಲೆಕ್ಕದಲ್ಲಿ ಅದು ವಾಸಕ್ಕೆ ಯೋಗ್ಯವಾದ ಮನೆಯೇ ಅಲ್ಲ, ನೀರಿನ ಸಂಪರ್ಕಕ್ಕೂ ತೊಂದರೆ. ‘ನನ್ನ ಯಾವುದೇ ದೂರು ಇಲ್ಲ’ ಎಂದು ಬರೆದ ಕಾಗದಕ್ಕೆ, ಬಾಕಿ ಬಾಡಿಗೆಯೋ ಬಡ್ಡಿಯೋ ಇತ್ಯರ್ಥವಾಗುವ ಮೊದಲು ಸಹಿ ಹಾಕಬೇಡಿ. ಗೃಹಪ್ರವೇಶದ ಮುಹೂರ್ತವನ್ನು ಓಸಿಯ ಪ್ರತಿ ಕಣ್ಣಾರೆ ನೋಡಿದ ಮೇಲೆಯೇ ಭಟ್ಟರ ಹತ್ತಿರ ಕೇಳಿ.

ಒಳಗೆ ಹೋದ ಮೊದಲ ಮಳೆಗಾಲದಲ್ಲಿ ಗೋಡೆ, ಸೀಲಿಂಗ್, ಬಾತ್‌ರೂಮಿನ ಕೆಳಭಾಗ ಚೆನ್ನಾಗಿ ನೋಡಿ. ಮನೆ ಕೊಂಡವರಿಗೆ ಪೊಸೆಶನ್ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿ ಕೊಡಬೇಕು. ಹಳೆ ಸದಸ್ಯರು ತಮ್ಮ ಅಗ್ರಿಮೆಂಟ್‌ನಲ್ಲಿ ಈ ಮಾತು ಎಷ್ಟು ವರ್ಷಕ್ಕೆ ಬರೆದಿದೆ ಎಂದು ನೋಡಿಕೊಳ್ಳಿ. ತೇವ ಕಂಡ ದಿನವೇ ಫೋಟೋ ತೆಗೆದು ಮೇಲ್ ಮಾಡಿ.